ಪಾಲಿಗ್ರಾಫ್ ಮುಗಿದ ಮೇಲೆ, ಪತ್ರ ಬರುವ ಮೊದಲು: ಅಮೆರಿಕದ ಸರ್ಕಾರಿ ನೌಕರಿಗೆ ಅರ್ಜಿ ಹಾಕಿದವರಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ಎಫ್‌ಬಿಐ, ಸಿಐಎ, ಎನ್‌ಎಸ್‌ಎ, ಸೀಕ್ರೆಟ್ ಸರ್ವಿಸ್ ಮುಂತಾದ ಕೇಂದ್ರ ಸಂಸ್ಥೆಗಳಿಗೆ ಸೇರಬಯಸುವವರು, ಹಾಗೆಯೇ ಗಡಿ ಮತ್ತು ಸುಂಕದ ಹೊಣೆ ಹೊತ್ತ ಸಿಬಿಪಿಯಲ್ಲಿ ಸಮವಸ್ತ್ರದ ಅಧಿಕಾರಿಗಳಾಗಬಯಸುವವರು, ಸಂದರ್ಶನ, ದೈಹಿಕ ಪರೀಕ್ಷೆ, ಹಿನ್ನೆಲೆ ತನಿಖೆಗಳ ನಡುವೆ ಪಾಲಿಗ್ರಾಫ್ ಎಂಬ ಸುಳ್ಳು ಪತ್ತೆ ಪರೀಕ್ಷೆಗೂ ಕೂರಬೇಕಾಗುತ್ತದೆ. ಈ ಹುದ್ದೆಗಳಿಗೆ ಅಲ್ಲಿನ ಪೌರತ್ವ ಬೇಕು. ಹಾಗಾಗಿ ಎಚ್-1ಬಿ ವೀಸಾದವರಿಗೆ ಇದರ ಗೊಡವೆಯಿಲ್ಲ; ಆದರೆ ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಮತ್ತು ಪೌರತ್ವ ಪಡೆದ ಮೊದಲ ತಲೆಮಾರಿನವರು ಈಗ ಇಂತಹ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದಾರೆ, ಮತ್ತು ಅವರ ಮನೆಗಳಲ್ಲಿ ಈ ಪರೀಕ್ಷೆಯ ಬಗ್ಗೆ ಮೊದಲೇ ತಿಳಿದವರು ಯಾರೂ ಇರುವುದಿಲ್ಲ.

ತೊಂದರೆ ಶುರುವಾಗುವುದು ಪರೀಕ್ಷೆ ಮುಗಿದ ಮೇಲೆ. ನಾಲ್ಕು ತಾಸು ಕೂರಿಸಿಕೊಂಡ ಪರೀಕ್ಷಕರು ಕೊನೆಗೆ ‘ಮಾದಕ ವಸ್ತುವಿನ ಪ್ರಶ್ನೆಯಲ್ಲಿ ನಿಮಗೇನೋ ತೊಂದರೆ ಇದ್ದಂತೆ ಕಾಣುತ್ತದೆ’ ಎಂದು ಹೇಳಿ ಕಳುಹಿಸುತ್ತಾರೆ. ಆಮೇಲೆ ವಾರಗಟ್ಟಲೆ ಪತ್ರವಿಲ್ಲ, ಫೋನಿಲ್ಲ. ಪಾಸಾಯಿತೋ ಫೇಲಾಯಿತೋ ತಿಳಿಯದ ಈ ಅವಧಿಯಲ್ಲಿ ಮತ್ತು ಅದರ ಹಿಂದೆ ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕ್ರಮವಾಗಿ ಹೇಳುವುದು ಈ ಲೇಖನದ ಉದ್ದೇಶ. ಯಂತ್ರವನ್ನು ವಂಚಿಸುವ ಉಪಾಯಗಳು ಇಲ್ಲಿಲ್ಲ. ಅವು ಏಕೆ ಕೆಟ್ಟ ಸಲಹೆ ಎಂಬುದು ಮುಂದೆ ಬರುತ್ತದೆ.

ಒಂದು ವಿಷಯವನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜನ ‘ಪಾಲಿಗ್ರಾಫ್ ಫಲಿತಾಂಶ’ ಎಂದು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ: ಯಂತ್ರದ ರೇಖೆಗಳನ್ನು ಓದಿ ಪರೀಕ್ಷಕರು ಕೊಡುವ ತಾಂತ್ರಿಕ ಅಭಿಪ್ರಾಯ, ಆ ಕೋಣೆಯಲ್ಲಿ ನೀವು ಬಾಯಿಬಿಟ್ಟು ಹೇಳಿದ ಮಾತುಗಳು, ಮತ್ತು ಇವೆರಡನ್ನೂ ಉಳಿದ ಕಡತದೊಂದಿಗೆ ಇಟ್ಟು ನೋಡಿ ಸಂಸ್ಥೆ ತೆಗೆದುಕೊಳ್ಳುವ ತೀರ್ಮಾನ. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ. ಮೂರನೆಯದರಲ್ಲಿ ನಿಮಗೆ ಅಲ್ಪಸ್ವಲ್ಪ ಅವಕಾಶವಿದೆ. ಎರಡನೆಯದು ಪೂರ್ತಿಯಾಗಿ ನಿಮ್ಮದೇ. ಆತಂಕಕ್ಕೆ ಒಳಗಾದವರು ತಮ್ಮ ಶಕ್ತಿಯನ್ನೆಲ್ಲ ಮೊದಲನೆಯದರ ಮೇಲೆ ಸುರಿಯುತ್ತಾರೆ.

ಮೊದಲ ಹೆಜ್ಜೆ: ಯಂತ್ರಕ್ಕೆ ಏನು ಗೊತ್ತಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಎದೆ ಮತ್ತು ಹೊಟ್ಟೆಯ ಸುತ್ತ ಎರಡು ಪಟ್ಟಿಗಳು ಉಸಿರಾಟವನ್ನು ದಾಖಲಿಸುತ್ತವೆ. ತೋಳಿಗೆ ಕಟ್ಟುವ ರಕ್ತದೊತ್ತಡದ ಪಟ್ಟಿ ನಾಡಿ ಮತ್ತು ಒತ್ತಡದ ಏರಿಳಿತವನ್ನು, ಬೆರಳುಗಳಿಗೆ ಸಿಕ್ಕಿಸುವ ತಗಡುಗಳು ಬೆವರಿನಿಂದ ಚರ್ಮದಲ್ಲಾಗುವ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತವೆ. ಕುರ್ಚಿಯ ಕೆಳಗೆ ಚಲನೆಯನ್ನು ಗುರುತಿಸುವ ಸಂವೇದಕವೂ ಇರುತ್ತದೆ. ಇಷ್ಟರಿಂದ ತಿಳಿಯುವುದು ದೇಹ ಕೆರಳಿತೋ ಇಲ್ಲವೋ ಎಂಬುದು ಮಾತ್ರ. ಸುಳ್ಳು ಹೇಳಿದಾಗ ಕೆರಳುವ ಹಾಗೆಯೇ ಭಯ, ಮುಜುಗರ, ಸಿಟ್ಟು, ‘ಈ ಪ್ರಶ್ನೆಗೇ ನಾನು ಸಿಕ್ಕಿಹಾಕಿಕೊಳ್ಳುತ್ತೇನೆ’ ಎಂಬ ನಿರೀಕ್ಷೆ, ಇವುಗಳಿಂದಲೂ ದೇಹ ಕೆರಳುತ್ತದೆ. ಸುಳ್ಳಿಗೆ ಮಾತ್ರವೇ ಮೀಸಲಾದ ದೈಹಿಕ ಲಕ್ಷಣವೊಂದನ್ನು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ.

ಈ ಬಗ್ಗೆ ಅತ್ಯಂತ ಕೂಲಂಕಷವಾದ ಪರಿಶೀಲನೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯದು. ಅದರ ವರದಿ 2003ರಲ್ಲಿ ಪುಸ್ತಕವಾಗಿ ಹೊರಬಂತು. ನಡೆದುಹೋದ ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಪ್ರಶ್ನಿಸುವಾಗ ಪಾಲಿಗ್ರಾಫ್ ಸತ್ಯ ಸುಳ್ಳುಗಳನ್ನು ಊಹೆಗಿಂತ ಸಾಕಷ್ಟು ಚೆನ್ನಾಗಿ ಬೇರ್ಪಡಿಸಬಲ್ಲದು, ಆದರೆ ಪರಿಪೂರ್ಣತೆಗೆ ಬಹಳ ದೂರದಲ್ಲಿದೆ ಎಂದು ಆ ತಜ್ಞರು ಹೇಳಿದರು. ನೌಕರಿಗೆ ಆಯ್ಕೆ ಮಾಡುವಾಗ ಕೇಳುವ ‘ಎಂದಾದರೂ’, ‘ಯಾವುದಾದರೂ’ ಎಂಬಂತಹ ಸಡಿಲ ಪ್ರಶ್ನೆಗಳಲ್ಲಿ ಅದರ ನಿಖರತೆ ಇನ್ನೂ ಕಡಿಮೆಯಿರುವ ಸಂಭವವಿದೆ ಎಂಬುದೂ ಅವರ ಅಭಿಪ್ರಾಯ. ಅವರು ಕೊಟ್ಟ ಒಂದು ಲೆಕ್ಕ ಪ್ರತಿಯೊಬ್ಬ ಅಭ್ಯರ್ಥಿಗೂ ಗೊತ್ತಿರಬೇಕು. 10,000 ಜನರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎಂದು ಭಾವಿಸೋಣ. ಹತ್ತರಲ್ಲಿ ಎಂಟು ಗೂಢಚಾರರು ಸಿಕ್ಕಿಬೀಳುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ ಒಟ್ಟು 1,606 ಜನ ಫೇಲಾಗುತ್ತಾರೆ. ಅವರಲ್ಲಿ 1,598 ಮಂದಿ ನಿರಪರಾಧಿಗಳು. ಅಮಾಯಕರು ಇಷ್ಟೊಂದು ಸಿಲುಕಬಾರದೆಂದು ಸಡಿಲಿಸಿದರೆ ಫೇಲಾಗುವವರು ಸುಮಾರು 40 ಮಂದಿಗೆ ಇಳಿಯುತ್ತಾರೆ, ಆದರೆ ಎಂಟು ಗೂಢಚಾರರು ನಿರಾಳವಾಗಿ ಒಳಹೋಗುತ್ತಾರೆ. ಜರಡಿಯ ಕಣ್ಣು ಸಣ್ಣದಾದರೆ ಕಾಳೂ ನಿಲ್ಲುತ್ತದೆ, ದೊಡ್ಡದಾದರೆ ಕಲ್ಲೂ ಇಳಿಯುತ್ತದೆ. ಇದು ಯಾವ ಪರೀಕ್ಷಕರ ಅಸಾಮರ್ಥ್ಯವೂ ಅಲ್ಲ. ಹುಡುಕುತ್ತಿರುವ ಅಪರಾಧ ಅಪರೂಪದ್ದಾಗಿರುವಾಗ ಲೆಕ್ಕ ಹೀಗೆಯೇ ಬರುತ್ತದೆ.

ಸಿಐಎಯೊಳಗೇ ಇದ್ದು ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ಪಾಸಾಗಿದ್ದ. ಅತ್ತ ಸಿಬಿಪಿಯಲ್ಲಿ, 2010ರ ಗಡಿ ಭ್ರಷ್ಟಾಚಾರ ವಿರೋಧಿ ಕಾಯ್ದೆಯಿಂದ ಈ ಪರೀಕ್ಷೆ ಕಡ್ಡಾಯವಾದ ನಂತರದ ವರ್ಷಗಳಲ್ಲಿ, ಪರೀಕ್ಷೆಗೆ ಕೂತ ಮೂವರಲ್ಲಿ ಸುಮಾರು ಇಬ್ಬರು ಹೊರಬೀಳುತ್ತಿದ್ದರು. ಅವರಲ್ಲಿ ಕೆಲವರು ಗಂಭೀರ ಅಪರಾಧಗಳನ್ನೇ ಒಪ್ಪಿಕೊಂಡದ್ದುಂಟು; ಆದರೂ ಈ ಪ್ರಮಾಣ ಅಮೆರಿಕದ ಸಂಸತ್ತಿನಲ್ಲಿಯೇ ಚರ್ಚೆಗೆ ಬಂದು, ಕೆಲವು ಮಾಜಿ ಸೈನಿಕರಿಗೆ ವಿನಾಯಿತಿ ಕೊಡುವ ಅವಕಾಶ ಕಾನೂನಿಗೆ ಸೇರಿತು. ಪ್ರಾಮಾಣಿಕರಾಗಿದ್ದೂ ಫೇಲಾಗುವುದು ಸಾಧ್ಯ ಎಂಬುದನ್ನು ಅರ್ಜಿ ಹಾಕುವ ದಿನವೇ ಮನೆಯವರೊಂದಿಗೆ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ‘ಏನು ಮಾಡಿದ್ದೆ ಹೇಳು’ ಎಂದು ಮನೆಯಲ್ಲೇ ಎರಡನೆಯ ವಿಚಾರಣೆ ಶುರುವಾಗುತ್ತದೆ.

ಎರಡನೆಯ ಹೆಜ್ಜೆ: ಪರೀಕ್ಷೆಗೆ ಮುಂಚೆ ಅರ್ಜಿಯನ್ನು ಸರಿಪಡಿಸಿ

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ಭದ್ರತಾ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿಯನ್ನು ನೋಡಲು ಕೊಡುವ ಅನುಮತಿ) ಬೇಕಾದ ಹುದ್ದೆಗಳಿಗೆ ಎಸ್‌ಎಫ್-86 ಎಂಬ ದೀರ್ಘ ನಮೂನೆ ತುಂಬಬೇಕು. ಪರೀಕ್ಷಕರ ಮೇಜಿನ ಮೇಲೆ ನಿಮ್ಮ ಅರ್ಜಿಯ ವಿವರಗಳು ಇರುತ್ತವೆ. ‘ಅರ್ಜಿಯಲ್ಲಿ ಏನನ್ನಾದರೂ ಮುಚ್ಚಿಟ್ಟಿದ್ದೀರಾ’ ಎಂಬುದು ಯಂತ್ರ ಕಟ್ಟಿಕೊಂಡು ಉತ್ತರಿಸಬೇಕಾಗಿ ಬರುವ ಪ್ರಶ್ನೆಗಳಲ್ಲೊಂದು. ಅರ್ಜಿಯಲ್ಲಿ ಅರೆಬರೆ ಬರೆದವರಿಗೆ ಆ ಪ್ರಶ್ನೆ ಬಂದಾಗ ಎದೆ ಢವಢವ ಅನ್ನುವುದು ಸಹಜ.

ಭಾರತದ ನಂಟಿರುವವರು ಎಡವುವುದು ವಿದೇಶಿ ಸಂಬಂಧಗಳ ವಿಭಾಗಗಳಲ್ಲಿ. ಅಮೆರಿಕದ ಪೌರರಲ್ಲದ, ನಿಮ್ಮೊಂದಿಗೆ ನಿಕಟವಾದ ಅಥವಾ ನಿರಂತರವಾದ ಸಂಪರ್ಕವಿರುವ ವ್ಯಕ್ತಿಗಳನ್ನು ಹೆಸರಿಸಬೇಕೆಂದು ನಮೂನೆ ಕೇಳುತ್ತದೆ. ಮೈಸೂರಿನ ಅಜ್ಜಿಯನ್ನು ಎಲ್ಲರೂ ಬರೆಯುತ್ತಾರೆ. ವಾರಕ್ಕೆರಡು ಬಾರಿ ವಾಟ್ಸ್ಆ್ಯಪ್‌ನಲ್ಲಿ ಮಾತಾಡುವ ಸೋದರತ್ತೆಯ ಮಗ, ಬೆಂಗಳೂರಿನ ಸರ್ಕಾರಿ ಉದ್ಯಮದಲ್ಲಿ ಕೆಲಸ ಮಾಡುವ ಚಿಕ್ಕಪ್ಪ, ಇಂಜಿನಿಯರಿಂಗ್ ಕಾಲೇಜಿನ ಹಳೆಯ ಗೆಳೆಯರ ಗುಂಪು, ಇವರು ಬಿಟ್ಟುಹೋಗುತ್ತಾರೆ. ಆಸ್ತಿಯ ವಿಷಯವೂ ಹೀಗೆಯೇ. ಅಪ್ಪ ಮಗಳ ಹೆಸರಿನಲ್ಲಿ ಕೊಂಡಿಟ್ಟ ಸೈಟು, ಅಣ್ಣತಮ್ಮಂದಿರ ನಡುವೆ ಇನ್ನೂ ಭಾಗವಾಗದ ತೋಟದಲ್ಲಿ ಪಹಣಿಯಲ್ಲಿ ಸೇರಿಹೋಗಿರುವ ಹೆಸರು, ಊರಿನ ಬ್ಯಾಂಕಿನಲ್ಲಿ ಅಮ್ಮನೊಂದಿಗೆ ಜಂಟಿಯಾಗಿರುವ ಎನ್‌ಆರ್‌ಒ ಖಾತೆ, ಪ್ರತಿ ತಿಂಗಳು ಅಜ್ಜನ ಔಷಧಿಗೆ ಕಳಿಸುವ ಹಣ: ಇವುಗಳಲ್ಲಿ ಯಾವುದೂ ಅಪರಾಧವಲ್ಲ, ಆದರೆ ನಮೂನೆ ಕೇಳುವ ಜಾಗದಲ್ಲಿ ಇವು ಇಲ್ಲದಿದ್ದರೆ ‘ಮುಚ್ಚಿಟ್ಟದ್ದು’ ಎಂಬ ರೂಪ ಪಡೆಯುತ್ತವೆ. ಅಮೆರಿಕದಲ್ಲೇ ಬೆಳೆದ ಮಕ್ಕಳಿಗೆ ತಮ್ಮ ಹೆಸರಿನಲ್ಲಿ ಊರಿನಲ್ಲಿ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಅರ್ಜಿ ತುಂಬುವ ಮೊದಲು ತಂದೆತಾಯಿಯನ್ನು ಕೂರಿಸಿಕೊಂಡು, ಪಹಣಿ, ಪಾಸ್‌ಬುಕ್, ಹಳೆಯ ಪಾಸ್‌ಪೋರ್ಟಿನ ಮುದ್ರೆಗಳನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಓಸಿಐ ಕಾರ್ಡು ಇದ್ದರೆ ಕೇಳಿದಾಗ ಅದನ್ನೂ ಹೇಳಬೇಕು.

ಮಾದಕ ವಸ್ತುವಿನ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಗಾಂಜಾ ಕಾನೂನುಬದ್ಧವಾದರೂ ಕೇಂದ್ರದ ಕಾನೂನಿನಲ್ಲಿ ಹಾಗಿಲ್ಲ, ಮತ್ತು ಪ್ರಶ್ನೆ ಕೇಳುತ್ತಿರುವುದು ಕೇಂದ್ರ. ಕಾಲೇಜಿನ ದಿನಗಳಲ್ಲಿ ಎರಡು ಸಲ ಸೇದಿದ್ದನ್ನು ‘ಇಲ್ಲ’ ಎಂದು ಬರೆದವರು ಪರೀಕ್ಷಾ ಕೋಣೆಯಲ್ಲಿ ‘ಹೌದು, ಎರಡು ಸಲ’ ಎಂದರೆ, ಸೇದಿದ್ದು ಸಣ್ಣ ವಿಷಯವಾಗಿ, ಬರಹದಲ್ಲಿ ಸುಳ್ಳು ಹೇಳಿದ್ದು ದೊಡ್ಡ ವಿಷಯವಾಗಿ ನಿಲ್ಲುತ್ತದೆ. ಕೇಂದ್ರ ಸರ್ಕಾರಕ್ಕೆ ತಿಳಿದೂ ಸುಳ್ಳು ಹೇಳಿಕೆ ಕೊಡುವುದು ಐದು ವರ್ಷಗಳವರೆಗೆ ಶಿಕ್ಷೆಗೆ ದಾರಿಯಾಗಬಹುದಾದ ಅಪರಾಧ. ಅರ್ಜಿ ಕಳಿಸಿದ ಮೇಲೆ ಏನಾದರೂ ನೆನಪಾದರೆ ಪರೀಕ್ಷೆಯ ದಿನಕ್ಕೆ ಕಾಯದೆ ನೇಮಕಾತಿ ಅಧಿಕಾರಿಗೆ ಬರೆದು ತಿದ್ದುಪಡಿ ಕೊಡಿ. ತಾವಾಗಿ ತಿದ್ದಿಕೊಂಡವರನ್ನೂ ಕೇಳಿದ ಮೇಲೆ ಹೇಳಿದವರನ್ನೂ ಭದ್ರತಾ ಮಾರ್ಗಸೂಚಿಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಮೂರನೆಯ ಹೆಜ್ಜೆ: ಪರೀಕ್ಷೆಯ ದಿನ

ಹಿಂದಿನ ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ತಿಂಡಿ ತಿಂದು ಹೋಗಿ. ವೈದ್ಯರು ಬರೆದುಕೊಟ್ಟ ಔಷಧಿಗಳನ್ನು ನಿಲ್ಲಿಸಬೇಡಿ. ಯಾವುದನ್ನು ತೆಗೆದುಕೊಳ್ಳುತ್ತಿದ್ದೀರಿ ಎಂದು ಪರೀಕ್ಷಕರಿಗೆ ತಿಳಿಸಿ. ಜ್ವರ ಅಥವಾ ಕೆಟ್ಟ ಕೆಮ್ಮು ಇದ್ದರೆ ದಿನ ಬದಲಿಸಿಕೊಳ್ಳುವಂತೆ ಮುಂಚೆಯೇ ಕೇಳಿ.

ಕೋಣೆಯಲ್ಲಿ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಪರೀಕ್ಷೆ ಸ್ವಯಂಪ್ರೇರಿತ ಎಂದು ಅದರಲ್ಲಿರುತ್ತದೆ. ಒಲ್ಲೆ ಎಂದರೆ ಬಂಧಿಸುವುದಿಲ್ಲ, ಅರ್ಜಿ ಅಲ್ಲಿಗೆ ನಿಲ್ಲುತ್ತದೆ ಅಷ್ಟೇ. ಊರಿನ ಹಿರಿಯರು ಟಿವಿಯಲ್ಲಿ ಕಂಡ ಮಂಪರು ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರಿಗೆ ಹೇಳಬೇಕಾಗಬಹುದು. ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯನ್ನಾಗಲಿ ಪಾಲಿಗ್ರಾಫನ್ನಾಗಲಿ ನಡೆಸಕೂಡದೆಂದು ಭಾರತದ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತದ್ದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ. ಅದು ಪೊಲೀಸ್ ತನಿಖೆಗೆ ಸಂಬಂಧಿಸಿದ್ದು. ಇಲ್ಲಿರುವುದು ನೌಕರಿಯ ಷರತ್ತು, ಆದ್ದರಿಂದ ಒಪ್ಪಿಗೆಯ ತೂಕವೂ ಬೇರೆ.

ಸಹಿಯ ನಂತರ ಬಹಳ ಹೊತ್ತು ಬರೀ ಮಾತುಕತೆ ನಡೆಯುತ್ತದೆ. ಯಂತ್ರ ಕಟ್ಟಿದ ಮೇಲೆ ಕೇಳುವ ಪ್ರಶ್ನೆಗಳನ್ನೆಲ್ಲ ಈ ಹಂತದಲ್ಲಿಯೇ ಓದಿ ಹೇಳುತ್ತಾರೆ. ಅನಿರೀಕ್ಷಿತ ಪ್ರಶ್ನೆ ಇರುವುದಿಲ್ಲ. ಒಂದು ಪ್ರಶ್ನೆಯ ವ್ಯಾಪ್ತಿ ಸ್ಪಷ್ಟವಾಗದಿದ್ದರೆ ಕೇಳಬೇಕಾದ ಹೊತ್ತು ಇದೇ. ‘ಗಂಭೀರ ಅಪರಾಧ ಎಂದರೆ ಯಾವುದು ಸೇರುತ್ತದೆ’, ‘ವಿದೇಶಿ ಸರ್ಕಾರದ ಸಂಪರ್ಕ ಎಂದರೆ ಪಾಸ್‌ಪೋರ್ಟಿಗಾಗಿ ಭಾರತೀಯ ಕಾನ್ಸುಲೇಟಿಗೆ ಹೋದದ್ದೂ ಸೇರುತ್ತದೆಯೇ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅನುಮಾನವನ್ನು ಒಳಗಿಟ್ಟುಕೊಂಡು ‘ಇಲ್ಲ’ ಎಂದರೆ ಆ ಅನುಮಾನವೇ ರೇಖೆಯ ಮೇಲೆ ಏಳಬಹುದು.

ಆಮೇಲೆ ಯಂತ್ರ. ತೋಳಿನ ಪಟ್ಟಿಗೆ ಗಾಳಿ ತುಂಬಿದಾಗ ಬಿಗಿತದಿಂದ ಬೆರಳು ಜುಮುಗುಡುತ್ತದೆ, ಕೆಲವರಿಗೆ ಅಂಗೈ ಕೆಂಪೇರುತ್ತದೆ. ಅಲುಗಾಡದೆ, ನೇರ ನೋಡುತ್ತ, ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಬೇಕು. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಕೆಲವು ಕ್ಷಣಗಳ ಮೌನವಿರುತ್ತದೆ, ಆ ಮೌನ ಬಹಳ ಉದ್ದವೆನ್ನಿಸುತ್ತದೆ. ಕೆಲವೇ ನಿಮಿಷಗಳ ಈ ಸುತ್ತು ಮುಗಿದ ಮೇಲೆ ಪಟ್ಟಿ ಸಡಿಲಿಸಿ, ಸ್ವಲ್ಪ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಮೂರು ಸುತ್ತು, ಕೆಲವೊಮ್ಮೆ ಹೆಚ್ಚು.

ಉಸಿರು ಹಿಡಿಯುವುದು, ಸ್ನಾಯು ಬಿಗಿಯುವುದು ಮುಂತಾದ ಉಪಾಯಗಳನ್ನು ಮಾರುವವರು ಬೇಕಾದಷ್ಟಿದ್ದಾರೆ. ಅಂತಹ ಪ್ರಯತ್ನ ಕಂಡುಬಂದರೆ ಅದೊಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುತ್ತದೆ, ಕಡತದಲ್ಲಿ ‘ಸಹಕರಿಸಲಿಲ್ಲ’ ಎಂಬ ಷರಾ ಉಳಿಯುತ್ತದೆ. ಕೇಂದ್ರ ಸಂಸ್ಥೆಗಳ ಅಭ್ಯರ್ಥಿಗಳಿಗೆ ಸುಳ್ಳು ಹೇಳಿ ಪಾಸಾಗುವುದನ್ನು ಕಲಿಸಿದ ತರಬೇತುದಾರರು ಅಮೆರಿಕದಲ್ಲಿ ಜೈಲಿಗೆ ಹೋಗಿದ್ದಾರೆ. ನಿಜ ಹೇಳುವವರು ಉಪಾಯ ಮಾಡಹೋಗಿ ಸುಳ್ಳರಂತೆ ಕಾಣಿಸಿಕೊಳ್ಳುವುದು ಮೂರ್ಖತನವಷ್ಟೇ. ಪಾಲಿಗ್ರಾಫ್ ಬಗ್ಗೆ ಓದಿದ್ದೀರಾ ಎಂದು ಕೇಳಿದರೆ ಓದಿದ್ದನ್ನು ಓದಿದೆ ಎಂದೇ ಹೇಳಿ.

ನಾಲ್ಕನೆಯ ಹೆಜ್ಜೆ: ಯಂತ್ರ ಬಿಚ್ಚಿದ ಮೇಲಿನ ಅರ್ಧ ತಾಸು

ಕೊನೆಯ ಸುತ್ತಿನ ನಂತರ ಪರೀಕ್ಷಕರು ಹೊರಗೆ ಹೋಗಿ ಬರಬಹುದು. ಬಂದವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, ‘ಉಳಿದದ್ದೆಲ್ಲ ಸರಿಯಿದೆ, ಆದರೆ ಈ ಒಂದು ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ. ಏನು ನೆನಪಿಗೆ ಬರುತ್ತಿತ್ತು?’ ಎಂದು ಕೇಳಬಹುದು. ಕೆಲವರು ಇನ್ನೂ ಖಾರವಾಗಿ, ನೇರವಾಗಿಯೇ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎನ್ನುತ್ತಾರೆ. ರೇಖೆಯಲ್ಲಿ ನಿಜವಾಗಿಯೂ ಏನೋ ಕಂಡಿರಬಹುದು. ಏನೂ ಕಾಣದೆಯೂ ಹೀಗೆ ಕೇಳಿರಬಹುದು. ಕೂತವರಿಗೆ ಅದು ತಿಳಿಯುವ ಮಾರ್ಗವಿಲ್ಲ. ಪಾಲಿಗ್ರಾಫಿನಿಂದ ಸಂಸ್ಥೆಗಳಿಗೆ ಸಿಗುವ ದೊಡ್ಡ ಲಾಭ ರೇಖೆಗಳಿಂದಲ್ಲ, ಈ ಅರ್ಧ ತಾಸಿನಲ್ಲಿ ಜನ ಬಾಯಿಬಿಡುವುದರಿಂದ ಎಂಬುದು ಪರ ವಿರೋಧ ಇಬ್ಬರೂ ಒಪ್ಪುವ ಮಾತು.

ಇಲ್ಲಿ ಅಭ್ಯರ್ಥಿಗಳು ಎರಡು ರೀತಿಯಲ್ಲಿ ಕೆಡುತ್ತಾರೆ. ನಿಜವಾಗಿ ಮುಚ್ಚಿಟ್ಟದ್ದಿದ್ದರೆ ಅದನ್ನು ಕಂತುಕಂತಾಗಿ ಹೇಳುವುದು ಒಂದು: ಮೊದಲು ಒಂದು ಸಲ, ಒತ್ತಾಯಿಸಿದರೆ ಮೂರು ಸಲ, ಮತ್ತೆ ಒತ್ತಾಯಿಸಿದರೆ ಐದಾರು ಸಲ. ಇನ್ನೊಂದು ಇದಕ್ಕಿಂತ ವಿಚಿತ್ರ. ಏನೂ ಮಾಡದವರು, ಹಿರಿಯರ ಎದುರು ತಲೆ ತಗ್ಗಿಸಿ ಬೆಳೆದವರು, ಎದುರಿಗಿರುವ ಅಧಿಕಾರಿಯನ್ನು ಸಮಾಧಾನಪಡಿಸಬೇಕೆಂಬ ಒಂದೇ ಹಂಬಲದಿಂದ, ‘ಬಹುಶಃ ಕಚೇರಿಯಿಂದ ಪೆನ್ನುಗಳನ್ನು ತಂದದ್ದಿರಬಹುದು’, ‘ಬಹುಶಃ ಆ ಪಾರ್ಟಿಯಲ್ಲಿ ಯಾರೋ ಸೇದುತ್ತಿದ್ದಾಗ ನಾನೂ ಹತ್ತಿರ ಇದ್ದೆ’ ಎಂದು ಹುಡುಕಿ ಹುಡುಕಿ ಕೊಡತೊಡಗುತ್ತಾರೆ. ‘ಬಹುಶಃ’ ಎಂಬುದು ವರದಿಯಲ್ಲಿ ಉಳಿಯುತ್ತದೆಂಬ ಖಾತರಿಯಿಲ್ಲ. ‘ಅಭ್ಯರ್ಥಿ ಕಚೇರಿಯ ವಸ್ತುಗಳನ್ನು ಕದ್ದದ್ದಾಗಿ ಒಪ್ಪಿಕೊಂಡರು’ ಎಂಬ ಸಾಲು ಉಳಿಯಬಹುದು. ಗಂಭೀರ ಅಪರಾಧದ ಒಪ್ಪಿಗೆಯನ್ನು ಪೊಲೀಸರಿಗೆ ಅಥವಾ ಇತರ ಸಂಸ್ಥೆಗಳಿಗೆ ತಿಳಿಸುವ ಅಧಿಕಾರವೂ ಸಂಸ್ಥೆಗಿದೆ.

ಆದ್ದರಿಂದ ಈ ಹೊತ್ತಿನ ನಡವಳಿಕೆಯನ್ನು ಮೊದಲೇ ಗಟ್ಟಿ ಮಾಡಿಕೊಂಡು ಹೋಗಬೇಕು. ನಿಜವಾಗಿ ಹೇಳದೆ ಬಿಟ್ಟದ್ದು ನೆನಪಾದರೆ ಪೂರ್ತಿಯಾಗಿ, ಒಂದೇ ಸಲ, ಗೊತ್ತಿರುವಷ್ಟು ಕಾಲ ಮತ್ತು ಪ್ರಮಾಣದೊಂದಿಗೆ ಹೇಳಿ. ಹೇಳಲು ಏನೂ ಇಲ್ಲದಿದ್ದರೆ, ‘ನಾನು ಹೇಳಿದ್ದು ನಿಜ, ಇದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ’ ಎಂದು ಶಾಂತವಾಗಿ ಹೇಳಿ. ಹತ್ತನೆಯ ಸಲ ಕೇಳಿದರೂ ಅದೇ ಮಾತು. ಊಹೆ ಬೇಡ. ಪರೀಕ್ಷಕರ ಮೇಲೆ ಸಿಟ್ಟಾಗುವುದೂ ಬೇಡ, ಅವರ ವರದಿ ಮೇಲಿನವರಿಗೆ ಹೋಗುತ್ತದೆ. ಹೇಳಿಕೆಯನ್ನು ಬರೆದು ಸಹಿ ಹಾಕಲು ಕೇಳಿದರೆ ಪ್ರತಿ ಸಾಲನ್ನೂ ಓದಿ, ನೀವು ಹೇಳದ ಮಾತು ಅದರಲ್ಲಿದ್ದರೆ ತಿದ್ದಿದ ಮೇಲೆಯೇ ಸಹಿ ಹಾಕಿ.

ಐದನೆಯ ಹೆಜ್ಜೆ: ಅದೇ ಸಂಜೆ ಬರೆದಿಡಿ

ಮನೆಗೆ ಬಂದ ತಕ್ಷಣ ನಡೆದದ್ದನ್ನು ನಿಮ್ಮ ಉಪಯೋಗಕ್ಕಾಗಿ ದಾಖಲಿಸಿಕೊಳ್ಳಿ: ದಿನಾಂಕ, ಆರಂಭ ಮತ್ತು ಅಂತ್ಯದ ಸಮಯ, ಎಷ್ಟು ಸುತ್ತು, ಯಾವ ವಿಷಯದ ಮೇಲೆ ಒತ್ತಾಯಿಸಿದರು, ಅವರು ಆಡಿದ ಮಾತುಗಳು ಮತ್ತು ಮುಖ್ಯವಾಗಿ ನೀವು ಒಪ್ಪಿಕೊಂಡ ಅಥವಾ ತಿದ್ದಿಕೊಂಡ ಪ್ರತಿಯೊಂದು ಸಂಗತಿ. ಅಂದು ಜ್ವರವಿತ್ತೇ, ರಾತ್ರಿ ಪಾಳಿ ಮುಗಿಸಿ ಬಂದಿದ್ದಿರೇ ಎಂಬುದೂ ಇರಲಿ. ಮುಂದೆ ಮೇಲ್ಮನವಿ ಬರೆಯುವಾಗಲೂ ಬೇರೆ ಸಂಸ್ಥೆಗೆ ಉತ್ತರಿಸುವಾಗಲೂ ಆಧಾರ ಇದೇ. ತಿಂಗಳುಗಳು ಕಳೆದ ಮೇಲೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡಿರುತ್ತದೆ. ಪ್ರಶ್ನೆಗಳ ವಿವರವನ್ನು ಹೊರಗೆ ಹೇಳಬಾರದೆಂದು ಸಹಿ ಹಾಕಿದ್ದರೆ ಈ ಬರಹ ನಿಮ್ಮ ಬೀರುವಿನಿಂದ ಆಚೆ ಹೋಗಬಾರದು.

ಆರನೆಯ ಹೆಜ್ಜೆ: ಕಾಯುವ ಕಾಲ

ಕೋಣೆಯಲ್ಲಿ ಕೇಳಿದ ಮಾತು ಅಂತಿಮ ಫಲಿತಾಂಶವಲ್ಲ. ರೇಖೆಗಳು ಪರೀಕ್ಷಕರ ಕೈಯಿಂದ ಗುಣಮಟ್ಟ ಪರಿಶೀಲನೆಯ ವಿಭಾಗಕ್ಕೆ ಹೋಗುತ್ತವೆ. ಅಲ್ಲಿ, ಅಭ್ಯರ್ಥಿಯ ಮುಖ ನೋಡಿರದ ಇನ್ನೊಬ್ಬ ಪರಿಣಿತರು ಅವನ್ನು ಓದುತ್ತಾರೆ. ಆಯ್ಕೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಹೊರಬರುವ ಅಭಿಪ್ರಾಯಗಳು ಮೂರು: ಗಮನಾರ್ಹ ಪ್ರತಿಕ್ರಿಯೆ ಇಲ್ಲ, ಗಮನಾರ್ಹ ಪ್ರತಿಕ್ರಿಯೆ ಇದೆ, ಅಭಿಪ್ರಾಯಕ್ಕೆ ಬರಲಾಗದು. ಮೂರನೆಯದು ಫೇಲು ಅಲ್ಲ. ರೇಖೆಗಳಿಂದ ಏನೂ ಹೇಳಲಾಗುತ್ತಿಲ್ಲ ಎಂದಷ್ಟೇ ಅದರ ಅರ್ಥ, ಮತ್ತು ಅಂಥವರನ್ನು ಮತ್ತೊಮ್ಮೆ ಕರೆಯುವುದು ವಾಡಿಕೆ. ಎರಡನೆಯ ಕರೆ ಬಂದರೆ ‘ನನ್ನ ಮೇಲೆ ಸಂಶಯ ಬಲವಾಗಿದೆ’ ಎಂದು ಕಂಗೆಡುವವರಿದ್ದಾರೆ. ಬಾಗಿಲು ಮುಚ್ಚಿದ್ದರೆ ಕರೆಯುತ್ತಿರಲಿಲ್ಲ.

‘ಸಂಪರ್ಕಿಸುತ್ತೇವೆ’ ಎಂದು ಪರೀಕ್ಷಕರು ನಗುತ್ತ ಹೇಳಿದರೋ, ಮುಖ ಸಿಂಡರಿಸಿ ಹೇಳಿದರೋ ಎಂಬುದರ ಮೇಲೆ ಗಂಟೆಗಟ್ಟಲೆ ಅರ್ಥ ಹಚ್ಚುವುದು ವ್ಯರ್ಥ. ಮಾಡಬಹುದಾದ್ದು ಇಷ್ಟು. ಸಂಸ್ಥೆ ಒಂದು ಅವಧಿ ಹೇಳಿದ್ದರೆ ಅದು ಮುಗಿದ ಮೇಲೆ ನೇಮಕಾತಿ ಅಧಿಕಾರಿಗೆ ಒಂದು ಚಿಕ್ಕ ಇಮೇಲ್ ಬರೆದು ಅರ್ಜಿಯ ಸ್ಥಿತಿಯನ್ನು ಕೇಳಬಹುದು. ಪರೀಕ್ಷಕರಿಗೆ ನೇರವಾಗಿ ಬರೆಯಬಾರದು. ಕೈಯಲ್ಲಿರುವುದು ಷರತ್ತುಬದ್ಧ ನೇಮಕಾತಿ ಪತ್ರ ಮಾತ್ರ ಎಂಬುದನ್ನು ಮರೆಯದೆ, ಅಂತಿಮ ಪತ್ರ ಮತ್ತು ಸೇರುವ ದಿನಾಂಕ ಬರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವರ್ಜೀನಿಯಾದಲ್ಲಿ ಮನೆಗೆ ಮುಂಗಡ ಕಟ್ಟಬೇಡಿ, ಅಮ್ಮ ನೆಂಟರಿಗೆಲ್ಲ ಫೋನು ಮಾಡುವುದನ್ನೂ ಸ್ವಲ್ಪ ತಡೆಯಿರಿ. ಬೇರೆ ಕಡೆಯ ಅರ್ಜಿಗಳನ್ನು ಮುಂದುವರಿಸಿ. ಈ ನಡುವೆ ವಿಳಾಸ ಬದಲಾದರೆ, ವಿದೇಶ ಪ್ರಯಾಣ ಮಾಡಿದರೆ, ಮದುವೆ ನಿಶ್ಚಯವಾದರೆ ಸಂಸ್ಥೆಗೆ ತಿಳಿಸಿ. ಊರಿನ ಹುಡುಗನೊಂದಿಗೋ ಹುಡುಗಿಯೊಂದಿಗೋ ಮಾತುಕತೆ ನಡೆದಿದ್ದರೆ ಅದು ವಿದೇಶಿ ಸಂಪರ್ಕದ ಪಟ್ಟಿಗೂ ಸೇರುತ್ತದೆ.

ಏಳನೆಯ ಹೆಜ್ಜೆ: ಪತ್ರ ಬಂದ ಮೇಲೆ

ನಿರಾಕರಣೆಯ ಪತ್ರಗಳು ಸಾಮಾನ್ಯವಾಗಿ ನಾಲ್ಕು ಸಾಲಿನವು. ಆ ನಾಲ್ಕು ಸಾಲುಗಳನ್ನು ಎಚ್ಚರದಿಂದ ಓದಬೇಕು, ಏಕೆಂದರೆ ‘ಷರತ್ತುಬದ್ಧ ನೇಮಕಾತಿಯನ್ನು ಹಿಂಪಡೆಯಲಾಗಿದೆ’ ಎಂಬುದಕ್ಕೂ ‘ಭದ್ರತಾ ಕ್ಲಿಯರೆನ್ಸ್ ನಿರಾಕರಿಸಲಾಗಿದೆ’ ಎಂಬುದಕ್ಕೂ ಅಜಗಜಾಂತರವಿದೆ. ರಾಷ್ಟ್ರೀಯ ಗುಪ್ತಚರ ನಿರ್ದೇಶಕರು ಹೊರಡಿಸಿ 2017ರಲ್ಲಿ ಜಾರಿಗೆ ಬಂದ ಭದ್ರತಾ ಮಾರ್ಗಸೂಚಿಗಳ ಪ್ರಕಾರ, ಬೇರೆ ಯಾವ ಗಣನೀಯ ಮಾಹಿತಿಯೂ ಇಲ್ಲದೆ ಕೇವಲ ಪಾಲಿಗ್ರಾಫಿನ ತಾಂತ್ರಿಕ ಅಭಿಪ್ರಾಯದ ಮೇಲೆ ಕ್ಲಿಯರೆನ್ಸ್ ವಿಷಯದಲ್ಲಿ ಪ್ರತಿಕೂಲ ಕ್ರಮ ಕೈಗೊಳ್ಳುವಂತಿಲ್ಲ. ಕ್ಲಿಯರೆನ್ಸ್ ನಿರಾಕರಿಸಿದರೆ ಕಾರಣ ತಿಳಿಸಬೇಕು, ಉತ್ತರಿಸಲು ಮತ್ತು ಮೇಲ್ಮನವಿ ಸಲ್ಲಿಸಲು ಅವಕಾಶ ಕೊಡಬೇಕು. ಆದರೆ ಹೊಸ ಅಭ್ಯರ್ಥಿಯನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಇರುವುದು ಬೇರೆಯೇ ಪ್ರಕ್ರಿಯೆ. ಅಲ್ಲಿ ಸಂಸ್ಥೆಯ ವಿವೇಚನೆ ವಿಶಾಲ, ಅಭ್ಯರ್ಥಿಯ ಹಕ್ಕು ಕಿರಿದು. ಪಾಲಿಗ್ರಾಫಿನಿಂದ ನೌಕರಿ ತಪ್ಪಿದವರಲ್ಲಿ ಹೆಚ್ಚಿನವರು ಈ ಸಂದಿಯಲ್ಲೇ ಬೀಳುತ್ತಾರೆ, ಮತ್ತು ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ತನ್ನದೇ ನ್ಯಾಯಾಲಯಗಳು 1923ರಿಂದಲೂ ಅನುಮಾನದಿಂದ ನೋಡುತ್ತಿರುವ, ಸೈನಿಕ ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ಬಳಸುವುದಕ್ಕಿದ್ದ ನಿಷೇಧವನ್ನು ಅಮೆರಿಕದ ಸುಪ್ರೀಂ ಕೋರ್ಟೇ 1998ರಲ್ಲಿ ಎತ್ತಿಹಿಡಿದ ಒಂದು ಪರೀಕ್ಷೆಯಿಂದ ಸರ್ಕಾರ ನೌಕರಿಯ ಬಾಗಿಲನ್ನು ಮುಚ್ಚುತ್ತದೆ.

ಪತ್ರದಲ್ಲಿ ಮರುಪರೀಕ್ಷೆ ಅಥವಾ ಮೇಲ್ಮನವಿಯ ಅವಕಾಶ ಮತ್ತು ಗಡುವು ಇದೆಯೇ ನೋಡಿ. ಎಫ್‌ಬಿಐನಂತಹ ಸಂಸ್ಥೆಗಳು ಲಿಖಿತ ಮನವಿಯನ್ನು ಪರಿಗಣಿಸುತ್ತವೆ, ಆದರೆ ಮರುಪರೀಕ್ಷೆ ಕೊಡುವುದು ಬಿಡುವುದು ಅವರ ಇಚ್ಛೆ. ಮನವಿ ಒಂದು ಪುಟ ಮೀರಬಾರದು. ಪಾಲಿಗ್ರಾಫ್ ವಿಜ್ಞಾನವೇ ಅಲ್ಲವೆಂದು ವಾದಿಸಿ, ಮೇಲೆ ಹೇಳಿದ ವರದಿಯನ್ನು ಉದ್ಧರಿಸಿ, ಅವರ ಮನಸ್ಸು ಬದಲಿಸಿದವರನ್ನು ನಾನು ಕಂಡಿಲ್ಲ. ಅವರು ಅದನ್ನು ನಿಮಗಿಂತ ಮೊದಲೇ ಓದಿದ್ದಾರೆ. ಪರೀಕ್ಷೆಯ ದಿನಾಂಕ, ಒತ್ತಾಯಕ್ಕೆ ಒಳಗಾದ ವಿಷಯ, ಆ ವಿಷಯದಲ್ಲಿ ನಿಮ್ಮ ಪೂರ್ಣ ಮತ್ತು ಸತ್ಯವಾದ ಉತ್ತರ, ಅಂದಿನ ಅನಾರೋಗ್ಯ ಅಥವಾ ತಪ್ಪು ತಿಳಿವಳಿಕೆಯಂತಹ ನಿರ್ದಿಷ್ಟ ಕಾರಣವಿದ್ದರೆ ಅದು, ಕೋಣೆಯಲ್ಲಿ ಆಡಿದ ಮಾತು ತಪ್ಪಾಗಿ ದಾಖಲಾಗಿದೆ ಎನ್ನಿಸಿದರೆ ಅದರ ತಿದ್ದುಪಡಿ, ಕೊನೆಗೆ ಮರುಪರೀಕ್ಷೆಯ ಕೋರಿಕೆ. ಇಷ್ಟು ಸಾಕು. ಒಪ್ಪಿಕೊಂಡ ಸಂಗತಿ ಕಾನೂನಿನ ತೊಡಕಿಗೆ ಎಡೆ ಮಾಡುವಂತಿದ್ದರೆ ಮನವಿಗೂ ಮುಂಚೆ ಕ್ಲಿಯರೆನ್ಸ್ ವಿಷಯಗಳಲ್ಲಿ ಅನುಭವವಿರುವ ವಕೀಲರನ್ನು ಕಾಣಬೇಕು. ಊರಿನ ಜಮೀನು ವ್ಯವಹಾರ ನೋಡಿಕೊಳ್ಳುವ ವಕೀಲ ಮಿತ್ರರ ಫೋನ್ ಸಲಹೆ ಇಲ್ಲಿ ನಡೆಯದು.

ಜೊತೆಯಲ್ಲೇ 1974ರ ಖಾಸಗಿತನ ಕಾಯ್ದೆ ಮತ್ತು ಮಾಹಿತಿ ಸ್ವಾತಂತ್ರ್ಯ ಕಾಯ್ದೆಗಳ ಅಡಿಯಲ್ಲಿ ನಿಮ್ಮ ಪಾಲಿಗ್ರಾಫ್ ವರದಿಯ ಪ್ರತಿಯನ್ನು ಕೇಳಿ ಅರ್ಜಿ ಹಾಕಿ. ಉತ್ತರಕ್ಕೆ ಕಾನೂನು ಹೇಳುವ ಅವಧಿ 20 ಕೆಲಸದ ದಿನಗಳಾದರೂ ನಿಜದಲ್ಲಿ ತಿಂಗಳುಗಳು ಹಿಡಿಯುತ್ತವೆ, ಬಂದ ಪ್ರತಿಯಲ್ಲಿ ಸಾಲುಗಟ್ಟಲೆ ಕಪ್ಪು ಬಳಿದಿರುತ್ತದೆ. ಆದರೂ ನೀವು ಹೇಳಿದ್ದೆಂದು ಅವರು ಏನು ಬರೆದುಕೊಂಡಿದ್ದಾರೆ ಎಂಬುದು ತಿಳಿದರೆ ಅದೇ ದೊಡ್ಡ ಲಾಭ.

ಎಂಟನೆಯ ಹೆಜ್ಜೆ: ಮುಂದಿನ ಅರ್ಜಿ

ಒಂದು ಸಂಸ್ಥೆಯಲ್ಲಿ ಪಾಲಿಗ್ರಾಫ್ ಕೈಕೊಟ್ಟರೆ ಸರ್ಕಾರದ ಎಲ್ಲ ಬಾಗಿಲುಗಳೂ ಮುಚ್ಚಿದಂತಲ್ಲ. ಪಾಲಿಗ್ರಾಫ್ ಕೇಳದ ಕೇಂದ್ರ ಹುದ್ದೆಗಳೇ ಹೆಚ್ಚು. ಕ್ಲಿಯರೆನ್ಸ್ ಬೇಕಾದ ಹುದ್ದೆಗಳಲ್ಲೂ ಹಲವಕ್ಕೆ ಅದು ಬೇಡ. ಆದರೆ ಕೇಂದ್ರ ಸಂಸ್ಥೆಗಳು ಒಂದರ ದಾಖಲೆಯನ್ನು ಇನ್ನೊಂದು ತರಿಸಿಕೊಳ್ಳುತ್ತವೆ, ಆದ್ದರಿಂದ ಹಳೆಯದನ್ನು ಮರೆತಂತೆ ನಟಿಸುವುದು ಸಾಧ್ಯವಿಲ್ಲ. ‘ನಿಮಗೆ ಎಂದಾದರೂ ಕ್ಲಿಯರೆನ್ಸ್ ನಿರಾಕರಿಸಲಾಗಿದೆಯೇ’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಒಕ್ಕಣೆಯನ್ನು ಅವಲಂಬಿಸಿದೆ: ನೇಮಕಾತಿ ಮಾತ್ರ ಹಿಂಪಡೆದಿದ್ದರೆ ಅದು ಕ್ಲಿಯರೆನ್ಸ್ ನಿರಾಕರಣೆಯಲ್ಲ, ಅದನ್ನು ನಿರಾಕರಣೆಯೆಂದು ನೀವಾಗಿಯೇ ಬರೆದುಕೊಳ್ಳಬೇಕಿಲ್ಲ. ‘ಹಿಂದೆ ಪಾಲಿಗ್ರಾಫ್ ಪರೀಕ್ಷೆ ತೆಗೆದುಕೊಂಡಿದ್ದೀರಾ’ ಎಂಬ ಪ್ರಶ್ನೆಗೆ, ಅದು ಕೇಂದ್ರ ಸಂಸ್ಥೆಯದಾಗಲಿ ಕೌಂಟಿ ಪೊಲೀಸ್ ಇಲಾಖೆಯದಾಗಲಿ, ಸಂಸ್ಥೆಯ ಹೆಸರು, ತಿಂಗಳು, ವರ್ಷ ಮತ್ತು ನಿಮಗೆ ತಿಳಿಸಲಾದ ಫಲಿತಾಂಶವನ್ನು ಬರೆಯಿರಿ. ಫಲಿತಾಂಶವನ್ನು ತಿಳಿಸಿಯೇ ಇಲ್ಲದಿದ್ದರೆ ‘ತಿಳಿಸಿಲ್ಲ’ ಎಂದೇ ಬರೆದು, ಬಂದ ಪತ್ರದ ಪ್ರತಿಯನ್ನು ಲಗತ್ತಿಸಿ.